ಯಾರಿಗೆ ದೀಕ್ಷೆ, ಯಾರಿಗೆ ಪಟ್ಟ

ದಾವಣಗೆರೆ ಸೀಮೆಯಲ್ಲಿ ಜಾತ್ರೆ ನಡೆಯಲಿ, ಶಾಲೆಯ ಹೊಸ ಕಟ್ಟಡದ ಉದ್ಘಾಟನೆ ನಡೆಯಲಿ, ಆಹ್ವಾನ ಪತ್ರಿಕೆಯ ಮೊದಲ ಸಾಲು ‘ದಿವ್ಯ ಸಾನ್ನಿಧ್ಯ’. ಅದರ ಕೆಳಗಿನ ಹೆಸರುಗಳನ್ನು ತಿಳಿದವರು ಬೇರೆಯೇ ರೀತಿಯಲ್ಲಿ ಓದುತ್ತಾರೆ. ಹೆಸರಿನ ಮುಂದೆ ‘ಮ.ನಿ.ಪ್ರ.’ ಇದ್ದರೆ ಅವರು ಶ್ರೀಮನ್ನಿರಂಜನ ಪ್ರಣವಸ್ವರೂಪಿ, ಅಂದರೆ ವಿರಕ್ತ ಮಠದವರು. ‘ಷ.ಬ್ರ.’ ಇದ್ದರೆ ಷಟ್‌ಸ್ಥಲ ಬ್ರಹ್ಮಿ, ಪಂಚಪೀಠಗಳ ಕಡೆಯ ಶಿವಾಚಾರ್ಯರು. ಹೆಸರು ‘ಪುರಿ’ ಎಂದು ಮುಗಿದರೆ ದಶನಾಮಿ ಸನ್ಯಾಸದ ಗುರುತು. ‘ತೀರ್ಥ’ ಎಂದಿದ್ದರೆ ಬಹುಮಟ್ಟಿಗೆ ಮಾಧ್ವ ಯತಿಗಳು, ‘ನಾಥ’ ಎಂದಿದ್ದರೆ ಆದಿಚುಂಚನಗಿರಿಯ ಪರಂಪರೆ, ‘ಭಟ್ಟಾರಕ’ ಎಂದಿದ್ದರೆ ಜೈನ ಮಠ. ವೇದಿಕೆಯ ಮೇಲೆ ಸಾಲಾಗಿ ಕೂತಾಗ ಎಲ್ಲರ ಮೈಮೇಲೂ ಕಾವಿಯೇ ಕಾಣುತ್ತದೆ, ಎಲ್ಲರನ್ನೂ ಜನ ಸ್ವಾಮಿಗಳೆಂದೇ ಕರೆಯುತ್ತಾರೆ. ಆದರೆ ಅವರಲ್ಲಿ ಒಬ್ಬೊಬ್ಬರು ಸ್ವಾಮಿಗಳಾದ ದಾರಿ ಒಂದೊಂದು. ಒಬ್ಬರಿಗೆ ಎಂಟು ವರ್ಷಕ್ಕೆ ಜೋಳಿಗೆ ಬಿದ್ದಿರುತ್ತದೆ, ಇನ್ನೊಬ್ಬರು ಪದವಿ ಮುಗಿಸಿ ಮನೆ ಬಿಟ್ಟಿರುತ್ತಾರೆ. ಒಬ್ಬರನ್ನು ಗುರು ಆರಿಸಿರುತ್ತಾರೆ, ಇನ್ನೊಬ್ಬರನ್ನು ಸಮಾಜದ ಟ್ರಸ್ಟ್ ಆರಿಸಿರುತ್ತದೆ.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಹದಿನಾಲ್ಕು ಕಿಲೋಮೀಟರ್ ದಾರಿ. ಅಷ್ಟರ ಆಚೀಚೆಗೆ ಇರುವ ಗುರುಪೀಠಗಳನ್ನು ನೋಡಿದರೆ ಕರ್ನಾಟಕದ ಧಾರ್ಮಿಕ ಚರಿತ್ರೆಯ ಬಹುಪಾಲು ಇಲ್ಲೇ ಸಿಗುತ್ತದೆ. ದಾವಣಗೆರೆಯಲ್ಲಿ ವಿರಕ್ತ ಮಠವಿದೆ, ಆವರಗೊಳ್ಳದಲ್ಲಿ ಪಂಚಪೀಠ ಪರಂಪರೆಯ ಪುರವರ್ಗ ಮಠವಿದೆ. ಹರಿಹರದಲ್ಲಿ ವೀರಶೈವ ಲಿಂಗಾಯತ ಪಂಚಮಸಾಲಿ ಪೀಠ, ಅದೇ ತಾಲ್ಲೂಕಿನ ರಾಜನಹಳ್ಳಿಯಲ್ಲಿ ನಾಯಕ ಸಮುದಾಯದ ವಾಲ್ಮೀಕಿ ಗುರುಪೀಠ, ಬೆಳ್ಳೂಡಿಯಲ್ಲಿ ಕಾಗಿನೆಲೆ ಕನಕ ಗುರುಪೀಠದ ಶಾಖಾಮಠ. ಹರಿಹರ ಪೇಟೆಯಲ್ಲೇ ಬಸಿಲಿಕ ಪದವಿ ಪಡೆದ ಆರೋಗ್ಯಮಾತೆಯ ಚರ್ಚು. ಇವೆಲ್ಲಕ್ಕೂ ಹಿರಿಯನಾಗಿ, ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ, ಅರ್ಧ ಶಿವ ಅರ್ಧ ವಿಷ್ಣುವಾಗಿ ನಿಂತ ಹರಿಹರೇಶ್ವರ.

ಹೀಗಾಗಿ ‘ದೀಕ್ಷೆ ಎಂದರೇನು, ಅದನ್ನು ಯಾರು ಯಾರಿಗೆ ಕೊಡಬಹುದು’ ಎಂಬ ಪ್ರಶ್ನೆ ಇಲ್ಲಿ ಬರೀ ಪಂಡಿತರದಲ್ಲ. ಪತ್ರಿಕೆಗಳಲ್ಲಿ ಬರುವ ಮಠದ ಜಗಳ, ಮೀಸಲಾತಿ ಹೋರಾಟ, ನ್ಯಾಯಾಲಯದ ತೀರ್ಪು ಎಲ್ಲದರ ಬುಡದಲ್ಲೂ ಅದೇ ಪ್ರಶ್ನೆಯಿದೆ. ದೀಕ್ಷೆ, ಪಟ್ಟ, ಪರಂಪರೆ ಈ ಮೂರನ್ನೂ ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ದೀಕ್ಷೆ ಒಬ್ಬ ವ್ಯಕ್ತಿಯ ವ್ರತ, ಪಟ್ಟ ಒಂದು ಗದ್ದುಗೆಯ ಅಧಿಕಾರ, ಪರಂಪರೆ ಆ ಎರಡಕ್ಕೂ ಕಟ್ಟಳೆ ಹಾಕುವ ಬಳಗ. ಜಗಳ ಎದ್ದಾಗಲೆಲ್ಲ ಈ ಮೂರು ಬೇರೆಬೇರೆ ಎಂಬುದು ಮುಖಕ್ಕೆ ರಾಚುತ್ತದೆ.

ಮೊದಲು ಮನೆಯೊಳಗಿನಿಂದ ನೋಡೋಣ. ಲೋಕಿಕೆರೆಯಂಥ ಊರಿನ ಲಿಂಗಾಯತರ ಮನೆಯಲ್ಲಿ ಮಗು ಹುಟ್ಟಿದರೆ ಅಯ್ಯನವರು ಬಂದು ಲಿಂಗಧಾರಣೆ ಮಾಡುತ್ತಾರೆ. ಗಂಡು ಹೆಣ್ಣು ಎಂಬ ಭೇದವಿಲ್ಲ, ತೊಟ್ಟಿಲ ಕೂಸಿಗೇ ಲಿಂಗ. ಬೆಳೆದ ಮೇಲೆ ಇಷ್ಟಲಿಂಗ ದೀಕ್ಷೆ. ಉಪನಯನವನ್ನು ಗಂಡುಮಕ್ಕಳಿಗೆ, ಅದರಲ್ಲೂ ಕೆಲವೇ ಜಾತಿಯ ಗಂಡುಮಕ್ಕಳಿಗೆ ಮೀಸಲಿಟ್ಟಿದ್ದ ಕಾಲದಲ್ಲಿ ಶರಣರು ಮಾಡಿದ ದೊಡ್ಡ ಕೆಲಸ ಇದು. ದೀಕ್ಷೆಯನ್ನು ಅವರು ಎಲ್ಲರ ಮೈಮೇಲಿಟ್ಟರು. ಶಾಸ್ತ್ರಗ್ರಂಥಗಳು ಇದನ್ನು ವೇಧಾ, ಮಂತ್ರ, ಕ್ರಿಯಾ ಎಂದು ಮೂರಾಗಿ ಬಿಡಿಸುತ್ತವೆ. ಗುರು ಶಿಷ್ಯನ ತಲೆಯ ಮೇಲೆ ಕೈಯಿಡುವುದು ಮೊದಲನೆಯದು, ಕಿವಿಯಲ್ಲಿ ಪಂಚಾಕ್ಷರಿ ಹೇಳುವುದು ಎರಡನೆಯದು, ಅಂಗೈಗೆ ಲಿಂಗ ಕೊಡುವುದು ಮೂರನೆಯದು.

ಜಂಗಮರ ಮನೆಯ ಹುಡುಗನಿಗೆ ಇದರ ಮೇಲೆ ಅಯ್ಯಾಚಾರ. ಪಂಚಾಚಾರ್ಯರ ಹೆಸರಿನಲ್ಲಿ ಐದು ಕಲಶ ಹೂಡುತ್ತಾರೆ, ತಲೆ ಬೋಳಿಸಿ ವಿಭೂತಿ ಧರಿಸಿಸುತ್ತಾರೆ, ಬೆತ್ತ ಜೋಳಿಗೆ ಕೊಡುತ್ತಾರೆ. ಹುಡುಗ ಮೊದಲ ಭಿಕ್ಷೆಗೆ ಹೆತ್ತ ತಾಯಿಯ ಮುಂದೆಯೇ ನಿಲ್ಲುತ್ತಾನೆ. ಅಂದಿನಿಂದ ಅವನಿಗೆ ಬೇರೆಯವರ ಮನೆಯ ಮದುವೆ, ಗೃಹಪ್ರವೇಶ, ಅಂತ್ಯಕ್ರಿಯೆ ಮಾಡಿಸುವ ಹಕ್ಕು ಬರುತ್ತದೆ. ಅವನು ಮದುವೆಯಾಗಬಹುದು, ಹೊಲ ಉಳಬಹುದು, ಬ್ಯಾಂಕಿನಲ್ಲಿ ಕೆಲಸವನ್ನೂ ಮಾಡಬಹುದು. ಹಿರೇಮಠ, ಸಾಲಿಮಠ, ಮಠಪತಿ, ಗಣಾಚಾರಿ ಎಂಬ ಅಡ್ಡಹೆಸರುಗಳು ಈ ಸಂಸಾರಸ್ಥ ಗುರುವರ್ಗದ ಮನೆಗಳವು. ಕೈಯೆತ್ತಿ ಆಶೀರ್ವದಿಸುವವರೆಲ್ಲ ಬ್ರಹ್ಮಚಾರಿಗಳಾಗಿರಬೇಕೆಂದು ಪಟ್ಟಣದವರು ಅಂದುಕೊಂಡರೆ ಹಳ್ಳಿಯ ಧರ್ಮ ಅರ್ಧ ಅರ್ಥವಾದ ಹಾಗೆ.

ಮಠದ ಸ್ವಾಮಿಗಳಾಗುವುದು ಇನ್ನೊಂದು ಹೆಜ್ಜೆ. ವಿರಕ್ತ ಪರಂಪರೆಯಲ್ಲಿ ಇದಕ್ಕೆ ಚಿನ್ಮಯಾನುಗ್ರಹ ದೀಕ್ಷೆ, ನಿರಂಜನ ಪಟ್ಟಾಧಿಕಾರ ಎನ್ನುತ್ತಾರೆ. ಇಲ್ಲಿ ಮನೆ, ಹೆಸರು, ಆಸ್ತಿಯ ನಂಟು ಕಡಿಯುತ್ತದೆ. ಮಠಕ್ಕೆ ಕಟ್ಟುಬೀಳದೆ ಊರೂರು ತಿರುಗುವವರು ಚರಮೂರ್ತಿಗಳು. ಇದಕ್ಕೆ ಹುಡುಗರನ್ನು ಅಣಿಮಾಡಲೆಂದೇ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರ ಕಟ್ಟಿದರು. ಸ್ವಾಮಿಯಾಗುವವನಿಗೆ ಕನ್ನಡ, ಸಂಸ್ಕೃತ, ಯೋಗ, ಸಂಗೀತ ಬರಬೇಕು, ಓದದವನಿಗೆ ಪಟ್ಟ ಕಟ್ಟಬಾರದು ಎಂಬುದು ಅವರ ಹಟ. ಅವರೇ 1904ರಲ್ಲಿ ವೀರಶೈವ ಮಹಾಸಭೆಯನ್ನೂ ಸ್ಥಾಪಿಸಿದರು. ನೂರು ವರ್ಷದ ಹಿಂದೆ ಗುರುಗಳ ಶಿಕ್ಷಣವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಕನ್ನಡ ನಾಡಿನಲ್ಲಿ ಕಡಿಮೆ. ಇಂದಿನ ಎಷ್ಟೋ ಪೀಠಗಳು ಆ ಶಿಸ್ತಿನ ಕಡೆ ತಿರುಗಿ ನೋಡಬೇಕು.

ಗುರುಗಳು ಬಳಗ ಕಟ್ಟಿಕೊಂಡು ಕಟ್ಟಳೆಯಡಿ ಬದುಕುವುದು ಈ ನೆಲಕ್ಕೆ ಹೊಸದಲ್ಲ. ತುಂಗಭದ್ರೆಯ ಆಚೀಚಿನ ಶಾಸನಗಳಲ್ಲಿ ಜೈನ ಮುನಿಯೊಬ್ಬನ ಹೆಸರು ಬಂದರೆ ಅದರ ಹಿಂದೆಯೇ ಮೂಲಸಂಘ, ದೇಶೀಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ ಎಂಬ ಸಾಲು ಬರುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಆ ಮುನಿಯ ಪೂರ್ತಿ ವಿಳಾಸ. ಬಳ್ಳಿಗಾವೆಯ ಕಾಳಾಮುಖ ಯತಿಗಳು ಶಕ್ತಿಪರ್ಷೆ ಎಂಬ ಬಳಗಕ್ಕೆ ಸೇರಿದವರು. ಅಲ್ಲಿನ ಕೋಡಿಯಮಠದ 1162ರ ಶಾಸನ ಆ ಮಠದಲ್ಲಿ ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿದ್ದುದನ್ನೂ ವಿವರವಾಗಿ ಹೇಳುತ್ತದೆ. ಎಡೆಯೂರು ತೋಂಟದ ಸಿದ್ಧಲಿಂಗರ ತರುವಾಯ ವಿರಕ್ತರು ಮುರಿಗೆ, ಕೆಂಪಿನ, ಚಿಲಾಳ, ಕುಮಾರ ಎಂಬ ಸಮಯಗಳಾಗಿ ಕವಲೊಡೆದರು. ಚಿತ್ರದುರ್ಗದ ಬೃಹನ್ಮಠ ಬೆಳೆದದ್ದು ಮುರಿಗೆ ಸಮಯದಿಂದ.

ಗುರುವರ್ಗದ ಲೆಕ್ಕ ಬೇರೆ. ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಿನಿ, ಕೇದಾರ, ಶ್ರೀಶೈಲ, ಕಾಶಿ ಎಂದು ಐದು ಪೀಠ. ವೀರ, ನಂದಿ, ಭೃಂಗಿ, ವೃಷಭ, ಸ್ಕಂದ ಎಂದು ಐದು ಗೋತ್ರ. ಹಸಿರು, ಕೆಂಪು, ನೀಲಿ, ಬಿಳಿ, ಹಳದಿ ಎಂದು ಐದು ಬಣ್ಣ. ಜಂಗಮರ ಮನೆತನಗಳು ಈ ಐದರಲ್ಲಿ ಒಂದಕ್ಕೆ ನಡೆದುಕೊಳ್ಳುತ್ತವೆ. ವಿರಕ್ತರು ಬಸವಾದಿ ಶರಣರನ್ನು ಮೂಲವೆಂದರೆ, ಇವರು ರೇಣುಕಾದಿ ಪಂಚಾಚಾರ್ಯರನ್ನು ಮೂಲವೆನ್ನುತ್ತಾರೆ. ಈ ಎರಡು ಪರಂಪರೆಗಳ ನಡುವಿನ ಸೆಣಸು ಇಂದಿಗೂ ಜೀವಂತ. 2023ರ ಡಿಸೆಂಬರ್‌ನಲ್ಲಿ ವೀರಶೈವ ಮಹಾಸಭೆಯ 24ನೇ ಮಹಾಧಿವೇಶನವೂ, 2025ರ ಜುಲೈನಲ್ಲಿ ಪಂಚಪೀಠಗಳ ಶೃಂಗ ಸಮ್ಮೇಳನವೂ ದಾವಣಗೆರೆಯಲ್ಲೇ ನಡೆದವು. ಈ ಚರ್ಚೆಗೆ ಈ ಊರೇ ಅಂಗಳವಾಗಿದೆ.

ಹರಿಹರದ ಚರ್ಚಿಗೆ ಬಂದರೆ ಬೇರೊಂದು ಕಟ್ಟಳೆ ಕಾಣುತ್ತದೆ. ಪ್ರತಿ ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಹಬ್ಬಕ್ಕೆ ಜಾತಿಮತ ನೋಡದೆ ಜನ ಸೇರುವ ಈ ಕ್ಷೇತ್ರ, 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಕಥೋಲಿಕರಲ್ಲಿ ಗುರುದೀಕ್ಷೆಗೆ ಮೂರು ಮೆಟ್ಟಿಲು: ಡೀಕನ್, ಯಾಜಕ, ಧರ್ಮಾಧ್ಯಕ್ಷ. ಮೊದಲು ಇವುಗಳ ಕೆಳಗೆ ದ್ವಾರಪಾಲಕ, ವಾಚಕ ಮುಂತಾದ ಕಿರುದೀಕ್ಷೆಗಳೂ ಇದ್ದವು. ಆರನೇ ಪೌಲ್ ಪೋಪರು 1972ರಲ್ಲಿ ಅವನ್ನು ತೆಗೆದುಹಾಕಿದರು. ಯಾಜಕನಾಗಲು ಕನಿಷ್ಠ 25 ವರ್ಷ ತುಂಬಿರಬೇಕು. ತತ್ವಶಾಸ್ತ್ರ, ದೈವಶಾಸ್ತ್ರ ಎಂದು ಹಲವು ವರ್ಷಗಳ ಗುರುಮಠದ ಓದು ಮುಗಿದಿರಬೇಕು. ಇದರ ಜೊತೆಗೆ ಯೇಸುಸಭೆ, ಕಪುಚಿನ್, ಕಾರ್ಮೆಲ್ ಎಂಬ ಸನ್ಯಾಸಿ ಸಭೆಗಳಿವೆ. ಅಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ. ಸಭೆಗೆ ಸೇರಿದವರೆಲ್ಲ ಯಾಜಕರಲ್ಲ, ಯಾಜಕರೆಲ್ಲ ಸಭೆಗೆ ಸೇರಿದವರಲ್ಲ. ಕನ್ಯಾಸ್ತ್ರೀಯರು ವ್ರತ ತೊಟ್ಟಿದ್ದರೂ ಗುರುದೀಕ್ಷೆ ಪಡೆದವರಲ್ಲ. ನಮ್ಮ ವಿರಕ್ತ ಜಂಗಮರಿಗೂ ಸಂಸಾರಸ್ಥ ಅಯ್ಯನವರಿಗೂ ಇರುವ ಅಂತರವನ್ನು ಬಲ್ಲವರಿಗೆ ಈ ವಿಂಗಡಣೆ ಬೇಗ ಅರ್ಥವಾಗುತ್ತದೆ.

ಗುರುದೀಕ್ಷೆಯ ವಿಧಿಯಲ್ಲಿ ಅಭ್ಯರ್ಥಿ ಬಲಿಪೀಠದ ಮುಂದೆ ಬೋರಲಾಗಿ ಮಲಗುತ್ತಾನೆ, ಸಭೆ ಸಂತರ ಹೆಸರು ಕರೆಯುತ್ತ ಪ್ರಾರ್ಥಿಸುತ್ತದೆ. ಆಮೇಲೆ ಧರ್ಮಾಧ್ಯಕ್ಷರು ಮಾತಿಲ್ಲದೆ ಅವನ ತಲೆಯ ಮೇಲೆ ಎರಡೂ ಕೈಯಿಡುತ್ತಾರೆ. ಬಂದಿರುವ ಯಾಜಕರೆಲ್ಲ ಒಬ್ಬೊಬ್ಬರಾಗಿ ಹಾಗೆಯೇ ಮಾಡುತ್ತಾರೆ. ಅಂಗೈಗೆ ಅಭಿಷೇಕದ ತೈಲ ಹಚ್ಚಿ, ಪಾನಪಾತ್ರೆ ಕೊಡುತ್ತಾರೆ. ವೀರಶೈವರ ಹಸ್ತಮಸ್ತಕ ಸಂಯೋಗಕ್ಕೂ ಇದಕ್ಕೂ ಚರಿತ್ರೆಯಲ್ಲಿ ಯಾವ ನಂಟೂ ಇಲ್ಲ. ಆದರೂ ಎರಡು ಕಡೆಯೂ ಅಧಿಕಾರ ಹರಿಯುವುದು ಕೈಯಿಂದ ತಲೆಗೆ, ಮತ್ತು ಕೈಯಿಟ್ಟವರ ತಲೆಯ ಮೇಲೆ ಇನ್ನೊಬ್ಬರು ಮೊದಲೇ ಕೈಯಿಟ್ಟಿರಬೇಕು ಎಂಬುದು ಕಟ್ಟಳೆ.

ಮಠವೂ ಇಲ್ಲದ, ಗ್ರಂಥವೂ ಇಲ್ಲದ ದೀಕ್ಷೆಗಳೂ ಇಲ್ಲುಂಟು. ಹರಿಹರದಿಂದ ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಅಲ್ಲಿಯೂ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯೂ ಗೊರವಪ್ಪಗಳು ಮೈಲಾರಲಿಂಗನ ಹೆಸರಿನಲ್ಲಿ ದೀಕ್ಷೆ ಪಡೆಯುತ್ತಾರೆ. ಕರಿ ಕಂಬಳಿ, ಕೈಯಲ್ಲಿ ಡಮರುಗ, ಭಂಡಾರದ ಚೀಲ, ಭಿಕ್ಷೆಯ ದೋಣಿ, ಇಷ್ಟೇ ಅವರ ಲಾಂಛನ. ಮೈಲಾರದ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿದಾಗ, ಆ ವರ್ಷದ ಮಳೆ ಬೆಳೆಗೆ ಅದನ್ನೇ ಆಧಾರ ಮಾಡಿಕೊಳ್ಳುವ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಶಂಖ ಜಾಗಟೆಯ ದಾಸಯ್ಯನದೂ ಇಂಥದೇ ಕಥೆ. ಇವರನ್ನು ಯಾರೂ ‘ದಿವ್ಯ ಸಾನ್ನಿಧ್ಯ’ದ ಸಾಲಿನಲ್ಲಿ ಅಚ್ಚು ಹಾಕಿಸುವುದಿಲ್ಲ. ದೀಕ್ಷೆಯ ಚರಿತ್ರೆ ಬರೆಯುವವರು ಇವರನ್ನು ಬಿಟ್ಟರೆ ಅದು ಮಠಗಳ ಚರಿತ್ರೆಯಾಗಿ ಉಳಿಯುತ್ತದೆ, ಜನರ ಧರ್ಮದ ಚರಿತ್ರೆಯಾಗುವುದಿಲ್ಲ.

ದೀಕ್ಷೆಯಿಲ್ಲದೆ ಗುರುವಿನ ಕೆಲಸ ಮಾಡಿದವರನ್ನೂ ದಾವಣಗೆರೆ ಕಂಡಿದೆ. ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆ ಸೇರಿ 1913ರಲ್ಲಿ ಇಲ್ಲಿನ ವಿರಕ್ತ ಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ನಾಡಿನ ಊರೂರಲ್ಲಿ ಇಂದು ನಡೆಯುವ ಬಸವ ಜಯಂತಿಯ ಬೇರು ಇದೇ. ಮಂಜಪ್ಪನವರು ಜೀವನವಿಡೀ ಬ್ರಹ್ಮಚಾರಿಯಾಗಿದ್ದರು, ವ್ರತಸ್ಥರಾಗಿದ್ದರು, ಆದರೆ ಯಾವ ಗದ್ದುಗೆಯ ಮೇಲೂ ಕೂರಲಿಲ್ಲ. ವ್ರತ ಬೇರೆ, ಪಟ್ಟ ಬೇರೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಈ ಊರಿನಲ್ಲಿ ಸಿಗಲಾರದು.

ಕಳೆದ ನಾಲ್ಕು ದಶಕಗಳ ದೊಡ್ಡ ಬದಲಾವಣೆ ನಡೆದಿರುವುದು ಪಟ್ಟದ ಕಡೆ. ಒಂದು ಕಾಲಕ್ಕೆ ಕುರುಬ, ನಾಯಕ, ಭೋವಿ, ಮಾದಿಗ ಸಮುದಾಯಗಳವರು ಬೇರೆಯವರ ಮಠದ ಅಂಗಳದಲ್ಲಿ ಕೈಮುಗಿದು ನಿಲ್ಲುತ್ತಿದ್ದರು. ಕಳೆದ ಶತಮಾನದ ಕೊನೆಗೆ ಕಾಗಿನೆಲೆಯಲ್ಲಿ ಕನಕ ಗುರುಪೀಠ, ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ ಎದ್ದವು. ಆ ಪೀಠಗಳ ಗುರುಗಳ ಹೆಸರುಗಳನ್ನು ಗಮನಿಸಿ: ತಾರಕಾನಂದಪುರಿ, ನಿರಂಜನಾನಂದಪುರಿ, ಪುಣ್ಯಾನಂದಪುರಿ, ಪ್ರಸನ್ನಾನಂದಪುರಿ. ಶಂಕರರ ಹೆಸರಿನಲ್ಲಿ ನಡೆದುಬಂದ ಹತ್ತು ಸನ್ಯಾಸ ನಾಮಗಳಲ್ಲೊಂದನ್ನು ಕುರುಬರ ಮತ್ತು ನಾಯಕರ ಗುರುಗಳು ಧರಿಸಿದ್ದಾರೆ. ಚಿತ್ರದುರ್ಗದ ಬೃಹನ್ಮಠವಾದ ಮುರುಘಾಮಠ ಇನ್ನೊಂದು ಬಾಗಿಲು ತೆರೆಯಿತು. ಮಾದಾರ ಚನ್ನಯ್ಯ ಗುರುಪೀಠ, ಭೋವಿ ಗುರುಪೀಠ, ಮಡಿವಾಳ ಮಾಚಿದೇವ ಗುರುಪೀಠಗಳ ಸ್ವಾಮಿಗಳು ಅಲ್ಲಿ ಜಂಗಮ ದೀಕ್ಷೆ ಪಡೆದವರು. ಹನ್ನೆರಡನೇ ಶತಮಾನದ ಕಾಯಕದ ಶರಣರ ಹೆಸರಿನಲ್ಲಿ ನಮ್ಮ ಕಾಲದ ಸಮುದಾಯಗಳು ತಮ್ಮದೇ ಗದ್ದುಗೆ ಹಾಕಿಕೊಂಡವು.

ಶೂದ್ರನಿಗೆ ಸನ್ಯಾಸವಿದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಕಾಶಿಯ ಸಂತಮತದ ಮಠವೊಂದರ ಉತ್ತರಾಧಿಕಾರದ ವ್ಯಾಜ್ಯದಲ್ಲಿ, ಶಾಸ್ತ್ರ ಏನೇ ಹೇಳಲಿ, ಪಂಥದ ರೂಢಿ ಒಪ್ಪಿದ್ದರೆ ಶೂದ್ರನೂ ಸನ್ಯಾಸಿಯಾಗಬಹುದು ಎಂದು 1980ರಲ್ಲಿ ನ್ಯಾಯಾಲಯ ಹೇಳಿತು. ಆದರೆ ಆ ಹಕ್ಕನ್ನು ಅದು ಸಂವಿಧಾನದ ಸಮಾನತೆಯ ಮೇಲೆ ನಿಲ್ಲಿಸದೆ ರೂಢಿಯ ಮೇಲೆ ನಿಲ್ಲಿಸಿತು. ರೂಢಿ ಇಲ್ಲದ ಕಡೆ ಬಾಗಿಲು ಮುಚ್ಚಿಯೇ ಇರಬಹುದು ಎಂಬುದು ಇದರ ಇನ್ನೊಂದು ಮುಖ. ಕರ್ನಾಟಕದ ಹೊಸ ಗುರುಪೀಠಗಳು ಆ ಬಾಗಿಲಿಗೆ ಕಾಯಲಿಲ್ಲ, ತಮ್ಮ ರೂಢಿಯನ್ನು ತಾವೇ ಮಾಡಿಕೊಂಡವು.

ಧರ್ಮದ ಗಡಿಯನ್ನೇ ದಾಟಿದ ಪ್ರಯತ್ನಗಳೂ ನಡೆದಿವೆ. ಗದಗ ಜಿಲ್ಲೆಯ ಅಸೂಟಿಯಲ್ಲಿರುವ, ಕಲಬುರಗಿಯ ಖಜೂರಿ ಮಠದ ಪರಂಪರೆಗೆ ಸೇರಿದ ಶಾಂತಿಧಾಮಕ್ಕೆ 2020ರ ಫೆಬ್ರವರಿಯಲ್ಲಿ ಮುಸ್ಲಿಂ ಕುಟುಂಬದ ಯುವಕನೊಬ್ಬ ಲಿಂಗದೀಕ್ಷೆ ಪಡೆದು ಸ್ವಾಮಿಯಾದ. ನಾಡೆಲ್ಲ ಅದನ್ನು ಕೊಂಡಾಡಿತು. 2025ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಮಠದಲ್ಲಿ ಸ್ವಾಮಿಯಾಗಿದ್ದವನೊಬ್ಬ ಹುಟ್ಟಿನಿಂದ ಮುಸ್ಲಿಂ ಎಂದು ತಿಳಿದಾಗ ಅವನು ಮಠ ಬಿಡಬೇಕಾಯಿತು. ದೀಕ್ಷೆ ಪಡೆದವನಿಗೆ ಪೂರ್ವಾಶ್ರಮವಿಲ್ಲ ಎಂದು ಎಲ್ಲ ಪರಂಪರೆಗಳೂ ಹೇಳುತ್ತವೆ. ಪರೀಕ್ಷೆಯ ಹೊತ್ತಿಗೆ ಭಕ್ತರು ಮೊದಲು ಕೇಳುವುದು ಪೂರ್ವಾಶ್ರಮವನ್ನೇ.

ಗದ್ದುಗೆ ಹೆಚ್ಚಾದಂತೆ ಗದ್ದುಗೆಯ ವ್ಯಾಜ್ಯವೂ ಹೆಚ್ಚಿದೆ. ಪಂಚಮಸಾಲಿಗಳಿಗೆ 2008ರ ಆಸುಪಾಸಿನಲ್ಲಿ ಹರಿಹರದಲ್ಲೊಂದು, ಕೂಡಲಸಂಗಮದಲ್ಲೊಂದು ಪೀಠವಾಯಿತು. 2022ರಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರಿನಲ್ಲಿ ಮೂರನೆಯದು. 2ಎ ಮೀಸಲಾತಿಗಾಗಿ 2021ರಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದ ಬಸವಜಯ ಮೃತ್ಯುಂಜಯ ಸ್ವಾಮೀಜಿಯವರನ್ನು 2025ರ ಸೆಪ್ಟೆಂಬರ್‌ನಲ್ಲಿ ಕೂಡಲಸಂಗಮ ಪೀಠದ ಟ್ರಸ್ಟ್ ಉಚ್ಚಾಟಿಸಿತು. ಯಾರ ಪಕ್ಷ ಸರಿ ಎಂಬುದು ಒತ್ತಟ್ಟಿಗಿರಲಿ. ಟ್ರಸ್ಟ್ ಕೊಟ್ಟ ಪಟ್ಟವನ್ನು ಟ್ರಸ್ಟ್ ತೆಗೆಯಬಹುದಾದರೆ, ಗುರು ಕೊಟ್ಟ ದೀಕ್ಷೆ ಎಲ್ಲಿ ನಿಲ್ಲುತ್ತದೆ? ಸ್ವಾಮಿಗಳ ಮೈಮೇಲಿನ ಕಾವಿಯನ್ನು ಯಾವ ಟ್ರಸ್ಟೂ ಬಿಚ್ಚಿಸಲಾರದು. ಭಕ್ತರು ಅವರ ಹಿಂದೆ ಹೋದರೆ ಇನ್ನೊಂದು ಕಡೆ ಮಠ ಏಳುತ್ತದೆ. ಕಥೋಲಿಕರಲ್ಲಿ ಈ ಪ್ರಶ್ನೆಗೆ ಕಟ್ಟಳೆಯಲ್ಲೇ ಉತ್ತರವಿದೆ: ಗುರುದೀಕ್ಷೆ ಒಮ್ಮೆ ಆಯಿತೆಂದರೆ ಅಳಿಸಲಾಗದು, ಅದನ್ನು ನಡೆಸುವ ಅಧಿಕಾರವನ್ನು ಮಾತ್ರ ಹಿಂಪಡೆಯಬಹುದು.

ತಾವಾಗಿಯೇ ಗದ್ದುಗೆ ಬಿಟ್ಟವರ ಉದಾಹರಣೆ ಹತ್ತಿರದಲ್ಲೇ ಇದೆ. ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ 1914ರಲ್ಲಿ ಹುಟ್ಟಿದವರು. ಬರದ ಸೀಮೆಯಲ್ಲಿ ಹಳ್ಳಿ ಹಳ್ಳಿಗೆ ಶಾಲೆ ಕಟ್ಟಿಸಿದರು, ನಾಟಕದ ಬಳಗ ಕಟ್ಟಿದರು. ಅರವತ್ತು ತುಂಬಿದಾಗ ಪೀಠತ್ಯಾಗದ ಮಾತಾಡಿದರು. 1979ರಲ್ಲಿ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಗೆ ಪಟ್ಟವಾಯಿತು. ಹಿರಿಯರು 1992ರವರೆಗೂ ಇದ್ದರು. ಗುರುವಾಗಿ ಇರುವುದಕ್ಕೆ ಗದ್ದುಗೆ ಬೇಕಿಲ್ಲ ಎಂದು ಬದುಕಿ ತೋರಿಸಿದ ಈ ನಡೆಯನ್ನು ಮುಂದಿಟ್ಟುಕೊಂಡೇ 2024ರಲ್ಲಿ ದಾವಣಗೆರೆಯಲ್ಲಿ ಸೇರಿದ ಕೆಲವು ಮುಖಂಡರು ಸಿರಿಗೆರೆಗೆ ಉತ್ತರಾಧಿಕಾರಿ ಬೇಕೆಂದು ಕೇಳಿದರು, ಹಲವು ಭಕ್ತರು ಅದನ್ನು ವಿರೋಧಿಸಿದರು.

ಕಾನೂನು ಈ ವಿಷಯದಲ್ಲಿ ಎಚ್ಚರಿಕೆಯಿಂದ ನಡೆದಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಮಠಾಧಿಪತಿಯ ಸ್ಥಾನದಲ್ಲಿ ಹುದ್ದೆಯೂ ಆಸ್ತಿಯೂ ಬೆರೆತಿವೆ ಎಂದು ಗುರುತಿಸಿತು. ಯಾವ ವಿಧಿ ಧರ್ಮಕ್ಕೆ ಅಗತ್ಯ ಎಂಬುದನ್ನು ಆ ಪಂಥದ ನಂಬಿಕೆಯಿಂದಲೇ ತಿಳಿಯಬೇಕು ಎಂದಿತು. ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯ್ದೆ ಮಠಗಳನ್ನು ಹೊರಗಿಟ್ಟಿದೆ. ಸರ್ಕಾರಿ ಅನುದಾನ, ಕಾಲೇಜು, ಜಮೀನು ಇರುವ ಸಂಸ್ಥೆಗಳ ಲೆಕ್ಕಪತ್ರವನ್ನು ಕೇಳುವ ಹಕ್ಕು ಸಮಾಜಕ್ಕೆ ಇರಲೇಬೇಕು. ಯಾರಿಗೆ ದೀಕ್ಷೆ ಎಂದು ಸರ್ಕಾರ ಹೇಳಬಾರದು. ಈ ಎರಡನ್ನು ಬೇರೆಯಾಗಿ ಇಟ್ಟು ಮಾತಾಡುವ ರಾಜಕಾರಣಿ ಈ ಸೀಮೆಯಲ್ಲಿ ಅಪರೂಪ, ಏಕೆಂದರೆ ಚುನಾವಣೆಯ ಹೊತ್ತಿಗೆ ಎಲ್ಲರಿಗೂ ಮಠದ ಮೆಟ್ಟಿಲು ಬೇಕು. ಹಾಗೆಂದು ಪೀಠಗಳ ರಾಜಕೀಯವೆಲ್ಲ ವ್ಯರ್ಥವೆಂದಲ್ಲ. ಪ್ರಸನ್ನಾನಂದಪುರಿ ಸ್ವಾಮೀಜಿ 2019ರಲ್ಲಿ ರಾಜನಹಳ್ಳಿಯಿಂದ ಬೆಂಗಳೂರಿಗೆ ನಡೆದರು, 2022ರಲ್ಲಿ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಪರಿಶಿಷ್ಟ ಪಂಗಡದ ಮೀಸಲಾತಿ ಶೇ 3ರಿಂದ 7ಕ್ಕೆ ಏರಿದ್ದು ಅದೇ ವರ್ಷ. ಗುರುವಿನ ದೇಹವೇ ಹೋರಾಟದ ಬಂಡವಾಳವಾದ ನಿಜವಾದ ಉದಾಹರಣೆ ಇದು.

ಇನ್ನು ವಯಸ್ಸಿನ ಪ್ರಶ್ನೆ. 2021ರ ಮೇ ತಿಂಗಳಲ್ಲಿ ಶಿರೂರು ಮಠಕ್ಕೆ 16 ವರ್ಷದ ವಟುವಿಗೆ ಸನ್ಯಾಸ ಕೊಟ್ಟು ವೇದವರ್ಧನ ತೀರ್ಥ ಎಂದು ಹೆಸರಿಟ್ಟಾಗ ಅದನ್ನು ಪ್ರಶ್ನಿಸಿ ಅರ್ಜಿ ಸಲ್ಲಿಕೆಯಾಯಿತು. 18 ತುಂಬದವರು ಸನ್ಯಾಸ ತೆಗೆದುಕೊಳ್ಳಬಾರದೆಂಬ ಕಾನೂನು ಇಲ್ಲ ಎಂದು ಹೈಕೋರ್ಟು ಆ ಸೆಪ್ಟೆಂಬರ್‌ನಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಕಾನೂನು ಇಲ್ಲ ಎಂಬುದು ನಿಜ. ಆದರೆ ಓಟು ಹಾಕಲು, ಮದುವೆಯಾಗಲು ಒಪ್ಪಿಗೆಗೆ ವಯಸ್ಸು ಬೇಕೆನ್ನುವ ನಾಡು, ಇಡೀ ಬದುಕನ್ನು ಬಿಟ್ಟುಕೊಡುವ ಒಪ್ಪಿಗೆಗೆ ಮಾತ್ರ ವಯಸ್ಸು ಕೇಳದಿರುವುದು ಸರಿಯೆನಿಸದು. ಬಡವರ ಮನೆಯಿಂದ ಓದಿಗೆಂದು ಮಠಕ್ಕೆ ಬಂದ ‘ಮರಿ’ಗಳು ಮುಂದೆ ಒಳ್ಳೆಯ ಗುರುಗಳಾಗಿರುವುದು ಎಷ್ಟೋ. ಹಾಗೆ ಬಂದ ಹುಡುಗನಿಗೆ ಹದಿನೆಂಟು ತುಂಬಿದಾಗ ‘ಬೇಡ’ ಎನ್ನಲು ಒಂದು ಮರ್ಯಾದೆಯ ದಾರಿ ಇರಬೇಕು. ರಾಮಕೃಷ್ಣ ಆಶ್ರಮದಲ್ಲಿ ಸೇರಿದವರು ವರ್ಷಗಟ್ಟಲೆ ಕಾದು ಬ್ರಹ್ಮಚರ್ಯ ದೀಕ್ಷೆ, ಮತ್ತೆ ಕೆಲವು ವರ್ಷ ಕಾದು ಸನ್ಯಾಸ ಪಡೆಯುತ್ತಾರೆ. ದಿಗಂಬರ ಜೈನರಲ್ಲಿ ಕ್ಷುಲ್ಲಕ, ಐಲಕ, ಮುನಿ ಎಂಬ ಮೆಟ್ಟಿಲುಗಳಿವೆ, ಮುನಿಯಾಗುವವನು ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವ ಕೇಶಲೋಚದವರೆಗೆ ಬರಲು ಕಾಲ ಹಿಡಿಯುತ್ತದೆ. ಕಾಯಿಸುವುದರಲ್ಲಿ ಕರುಣೆಯಿದೆ.

ಒಪ್ಪಿಗೆಯೇ ಇಲ್ಲದೆ ಕೊಟ್ಟ ದೀಕ್ಷೆಯೊಂದು ಈ ಸೀಮೆಯ ಗಾಯ. ದಾವಣಗೆರೆಗೆ ಹತ್ತಿರದ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಇತ್ತು. ಅದಕ್ಕೂ ವಿಧಿಯಿತ್ತು, ಲಾಂಛನವಿತ್ತು, ಭಿಕ್ಷೆಯಿತ್ತು. ದೇವರಿಗೆ ಬಿಟ್ಟವಳು ಮುತ್ತೈದೆಯೆಂದು ಹೊಗಳುವ ಮಾತೂ ಇತ್ತು. ಆದರೆ ಹಾಗೆ ಬಿಟ್ಟದ್ದು ಬಹುಪಾಲು ದಲಿತರ ಮನೆಯ, ಏನೂ ಅರಿಯದ ಬಾಲೆಯರನ್ನು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಇದನ್ನು ಅಪರಾಧವೆಂದಿತು. ಹುಡುಗನಿಗೆ ಜೋಳಿಗೆ ಹಾಕಿದಾಗ ಸಮಾಜ ಅವನ ಪಾದ ಮುಟ್ಟಿತು. ಹುಡುಗಿಗೆ ಮುತ್ತು ಕಟ್ಟಿದಾಗ ಅವಳ ಮೈಯನ್ನು ಮಾರಿತು.

ಹೆಣ್ಣಿಗೆ ನಿಜವಾದ ದೀಕ್ಷೆ, ನಿಜವಾದ ಪಟ್ಟ ಸಿಕ್ಕದ್ದು ಎಲ್ಲಿ? ಚಿತ್ರದುರ್ಗ ಜಿಲ್ಲೆಯಲ್ಲಿ 1946ರಲ್ಲಿ ಹುಟ್ಟಿದ ರತ್ನಾ ಎಂಬ ಹುಡುಗಿಗೆ ಲಿಂಗಾನಂದ ಸ್ವಾಮಿಗಳು 1966ರಲ್ಲಿ ಜಂಗಮ ದೀಕ್ಷೆ ಕೊಟ್ಟರು. 1970ರಲ್ಲಿ ಧಾರವಾಡದ ಅಕ್ಕಮಹಾದೇವಿ ಪೀಠಕ್ಕೆ ಅವರು ಮಾತೆ ಮಹಾದೇವಿಯಾಗಿ, ಮೊದಲ ಮಹಿಳಾ ಜಗದ್ಗುರುವಾಗಿ ಏರಿದರು. ಅವರ ನಿಲುವುಗಳ ಬಗ್ಗೆ ಎಷ್ಟೇ ತಕರಾರಿದ್ದರೂ ಆ ಒಂದು ಹೆಜ್ಜೆಯ ಧೈರ್ಯವನ್ನು ಅಲ್ಲಗಳೆಯಲಾಗದು. 2019ರಲ್ಲಿ ಅವರು ಲಿಂಗೈಕ್ಯರಾದಾಗ ಪೀಠ ಮಾತೆ ಗಂಗಾದೇವಿಯವರಿಗೆ ಬಂತು, ಹೆಣ್ಣಿನಿಂದ ಹೆಣ್ಣಿಗೆ. ದಾವಣಗೆರೆಯ ಶ್ವೇತಾಂಬರ ಜೈನ ವ್ಯಾಪಾರಿಗಳ ಪಂಥದಲ್ಲಿ ಸಾಧುಗಳಿಗಿಂತ ಸಾಧ್ವಿಯರ ಸಂಖ್ಯೆಯೇ ದೊಡ್ಡದು. ದಕ್ಷಿಣ ಭಾರತ ಸಭೆಯ ನಂದ್ಯಾಲ ಧರ್ಮಪ್ರಾಂತ್ಯಕ್ಕೆ 2013ರಲ್ಲಿ ಪುಷ್ಪಲಲಿತಾ ಬಿಷಪ್ಪರಾದರು. ಕಥೋಲಿಕರಲ್ಲಿ ಮಾತ್ರ ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು ಎರಡನೇ ಜಾನ್ ಪೌಲ್ ಪೋಪರು 1994ರಲ್ಲಿ ಹೇಳಿದ್ದೇ ಇನ್ನೂ ನಿಂತಿದೆ. ಟಿಬೆಟಿಯನ್ ಬೌದ್ಧರಲ್ಲಿ ಭಿಕ್ಷುಣಿಯರ ಪೂರ್ಣ ದೀಕ್ಷೆಯ ಸಂತತಿಯೇ ಇರಲಿಲ್ಲ. ಆದರೂ 2016ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ 20 ಮಂದಿ ಸನ್ಯಾಸಿನಿಯರು ಅಲ್ಲಿಯವರೆಗೆ ಬಹುಮಟ್ಟಿಗೆ ಗಂಡಸರದೇ ಆಗಿದ್ದ ಗೆಶೆ ಪದವಿಗೆ ಸಮನಾದ ಗೆಶೆಮಾ ಪದವಿಯನ್ನು ದಲೈ ಲಾಮಾ ಅವರಿಂದ ಪಡೆದರು. 2022ರಲ್ಲಿ ಭೂತಾನಿನಲ್ಲಿ 144 ಮಂದಿಗೆ ಪೂರ್ಣ ದೀಕ್ಷೆಯೂ ಆಯಿತು.

ಹರಿಹರ ಸೀಮೆಯ ಹೊಸ ಪೀಠಗಳತ್ತ ಈ ಕಣ್ಣಿನಿಂದ ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಪಂಚಮಸಾಲಿ ಪೀಠ, ರಾಜನಹಳ್ಳಿ, ಬೆಳ್ಳೂಡಿ ಎಲ್ಲ ಕಡೆ ಗದ್ದುಗೆಯ ಮೇಲಿರುವವರು ಗಂಡಸರೇ. ನೂರಾರು ವರ್ಷಗಳ ರೂಢಿ ನಮ್ಮನ್ನು ಕಟ್ಟಿದೆ ಎಂದು ಹಳೆಯ ಮಠಗಳು ಹೇಳಬಹುದು. ಜಾತಿಯ ರೂಢಿಯನ್ನು ಮುರಿದು ಮೊನ್ನೆ ಮೊನ್ನೆ ಹುಟ್ಟಿದ ಪೀಠಗಳಿಗೆ ಆ ಮಾತು ಸಲ್ಲದು. ಅವುಗಳ ಕಟ್ಟಳೆ ಬರೆದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಅದನ್ನು ತಿದ್ದುವ ಅಧಿಕಾರ ಇರುವ ಸಮುದಾಯದ ಸಭೆಗಳು ವರ್ಷ ವರ್ಷವೂ ಸೇರುತ್ತವೆ. ಆ ಸಮುದಾಯಗಳ ಹೆಣ್ಣುಮಕ್ಕಳು ಇವತ್ತು ದಾವಣಗೆರೆಯ ಕಾಲೇಜುಗಳಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಓದುತ್ತಿದ್ದಾರೆ. ಅವರಲ್ಲೊಬ್ಬಳು ಮದುವೆ ಬೇಡ, ಗುರುವಾಗುತ್ತೇನೆ ಎಂದು ಬಂದರೆ ಯಾವ ಮಠ ಅವಳಿಗೆ ದೀಕ್ಷೆ ಕೊಡುತ್ತದೆ, ಎಲ್ಲಿ ಓದಿಸುತ್ತದೆ, ಯಾವ ಹೆಸರಿಟ್ಟು ಕರೆಯುತ್ತದೆ ಎಂಬುದನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲೇ ಸೇರಿಸಬಹುದು.